ಮೂಳೆ ವಾರ್ಡಿನಿಂದ ಒಂದು ನಿವೇದನೆ

ಕರುಣಾಳುವೇ, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರ ಪರವಾಗಿ ನಿನ್ನ ಮುಂದೆ ಕೈಮುಗಿದಿದ್ದೇನೆ. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ ಜೀವವನ್ನು ನೋವಿನಷ್ಟೇ ಕಾಡುವುದು, ಬೆಡ್‌ಪ್ಯಾನಿಗೂ ಇನ್ನೊಬ್ಬರನ್ನು ಕರೆಯಬೇಕಲ್ಲ ಎಂಬ ಸಂಕೋಚ. "ಏನೂ ಆಗಲ್ಲ, ಸುಮ್ನಿರಮ್ಮ" ಎನ್ನುತ್ತೇವೆ. ಪ್ರೀತಿಯಿಂದಲೇ ಎನ್ನುತ್ತೇವೆ. ಅವರು ಸುಮ್ಮನಾಗುತ್ತಾರೆ, ಹೆದರಿಕೆ ಒಳಗೇ ಉಳಿಯುತ್ತದೆ.

ಆಪರೇಷನ್ನಿನ ಹಿಂದಿನ ದಿನ ಯಾರಾದರೂ ಅವರ ಮಂಚದ ಪಕ್ಕ ಕೂರುವಂತೆ ಮಾಡು. "ಅಜ್ಜಿ, ಬೆನ್ನಿಗೆ ಒಂದು ಸೂಜಿ ಕೊಡ್ತಾರೆ. ಸೊಂಟದ ಕೆಳಗೆ ಜೋಮು ಹಿಡಿಯುತ್ತೆ, ಕಾಲು ಅಲ್ಲಾಡಿಸೋಕೆ ಆಗಲ್ಲ. ಕೆಲವು ಗಂಟೆ ಆದಮೇಲೆ ಸರಿಹೋಗುತ್ತೆ. ಎಚ್ಚರ ಇದ್ದರೆ ಡ್ರಿಲ್ಲಿನ ಸದ್ದು, ಸುತ್ತಿಗೆಯ ಸದ್ದು ಕೇಳಿಸಬಹುದು. ನಿಮ್ಮ ತಲೆಯ ಹತ್ತಿರ ಒಬ್ಬರು ಇದ್ದೇ ಇರ್ತಾರೆ, ಏನನ್ನಿಸಿದರೂ ಹೇಳಿ." ಇಷ್ಟು ಸಾಕು. ಬಾಸ್ಟನ್ನಿನ ಅರಿವಳಿಕೆ ವೈದ್ಯರು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ ಕೆಲವರಿಗೆ ನೋವು ಎಲ್ಲಿ ಬರುತ್ತದೆ, ಮೈ ಹೇಗೆ ಸಡಿಲಿಸಬೇಕು ಎಂದು ಮೊದಲೇ ತಿಳಿಸಿದ್ದರು. ಅವರಿಗೆ ಆಮೇಲೆ ಬೇಕಾದ ನೋವಿನ ಮದ್ದು ಉಳಿದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆ. ಅದು ಪ್ರಕಟವಾದದ್ದು 1964ರಲ್ಲಿ! ತುಂಬಿ ತುಳುಕುವ ನಮ್ಮ ವಾರ್ಡುಗಳಿಗೂ ಅಷ್ಟು ಪುರುಸೊತ್ತು ಕೊಡು.

ರಾತ್ರಿಗಾಗಿ ಇನ್ನೂ ಹೆಚ್ಚು ಬೇಡುತ್ತೇನೆ. ಆಪರೇಷನ್ ಆದ ರಾತ್ರಿ ಅಜ್ಜಿ ಎಂದೋ ತೀರಿಹೋದ ಅಕ್ಕನನ್ನು ಕರೆದರೆ, ಡ್ರಿಪ್ಪಿನ ಕೊಳವೆ ಕೀಳಲು ಹೋದರೆ, ಮನೆಯವರು ಹುಚ್ಚು ಹಿಡಿಯಿತೆಂದು ಎದೆಗುಂದದಿರಲಿ. ನರ್ಸಮ್ಮನನ್ನು ಕೂಡಲೇ ಕರೆಯಲಿ. ವಯಸ್ಸಾದವರಿಗೆ ಈ ಗಲಿಬಿಲಿ ಬರುವುದುಂಟು, ಎಷ್ಟೋ ಸಲ ಇಳಿಯುವುದೂ ಉಂಟು. ಬ್ಯಾಗಿನಲ್ಲಿ ಕಟ್ಟಿಟ್ಟ ಕನ್ನಡಕ, ಕಿವಿಯ ಮಿಷನ್ನು ಅವರಿಗೆ ಸಿಗಲಿ. ಹಗಲು ಹೊತ್ತು ಕಿಟಕಿಯ ಪರದೆ ಸರಿಯಲಿ. ಗುರುತಿನ ದನಿಯೊಂದು, ಇವತ್ತು ಯಾವ ವಾರ, ತಾವಿರುವುದು ಎಲ್ಲಿ ಎಂದು ಬೇಸರಿಸದೆ ಮತ್ತೆ ಮತ್ತೆ ಹೇಳಲಿ.

ಮನೆಗೆ ಹೋದಮೇಲೆ ಮತ್ತೆ ಬಿದ್ದೇನೆಂಬ ಭಯಕ್ಕೆ ಮಂಚ ಬಿಡದವರು ಎಷ್ಟೋ ಮಂದಿ. ಮಲಗಿದಷ್ಟೂ ಕಾಲಿನ ಕಸುವು ಇಳಿಯುತ್ತದೆ, ಬೀಳುವ ಅಪಾಯವೂ ಹೆಚ್ಚುತ್ತದೆ. ವಾಕರ್ ಹಿಡಿಸುವ ಫಿಸಿಯೋದವರಿಗೆ ತಾಳ್ಮೆ ಕೊಡು, ಮಗನಿಗೆ ಬಚ್ಚಲಲ್ಲಿ ಹಿಡಿಕೆ ಹಾಕಿಸುವ ಬುದ್ಧಿ ಕೊಡು. ಹೊಲಿಗೆ ಬಿಚ್ಚುವ ದಿನ ಡಾಕ್ಟರು ಗಾಯ ನೋಡಿಯಾದ ಮೇಲೆ, "ನಿದ್ದೆ ಬರುತ್ತಾ ಅಜ್ಜಿ? ನಡೆಯೋಕೆ ಹೆದರಿಕೆ ಆಗುತ್ತಾ?" ಎಂದೂ ಕೇಳಲಿ, ಅಜ್ಜಿ ಹೇಳಿ ಮುಗಿಸುವವರೆಗೆ ಮುಂದಿನ ರೋಗಿಯನ್ನು ಕರೆಯದಿರಲಿ.