ಬುದ್ಧಿಯು ಯಾರದು?



ನಮ್ಮ ಕನ್ನಡದಲ್ಲಿ ಬುದ್ಧಿ ಎಂಬ ಮಾತು ಎರಡು ರೀತಿಯಾಗಿ ಸಲ್ಲುತ್ತಾ ಬಂದಿದೆ. ಮನುಷ್ಯನೊಳಗಿದ್ದು ಸರಿತಪ್ಪುಗಳನ್ನು ತಿಳಿಯುವ ಶಕ್ತಿಗೆ ಆ ಹೆಸರುಂಟು. ಇನ್ನೊಂದು ಬಳಕೆಯನ್ನು ಮೈಸೂರು ಸೀಮೆಯ ಹಿರಿಯರು ಚೆನ್ನಾಗಿ ಬಲ್ಲರು. ಒಡೆಯನ ಮನೆಯ ಅಂಗಳದಲ್ಲಿ ಹೆಗಲ ವಸ್ತ್ರವನ್ನು ತೆಗೆದು ಕೈಕಟ್ಟಿ ನಿಂತ ಕೂಲಿಯವನು, ಜಗಲಿಯ ಮೇಲೆ ಕುಳಿತಿದ್ದ ಆ ಒಡೆಯನನ್ನೇ “ಬುದ್ಧೀ” ಎಂದು ಕರೆಯುತ್ತಿದ್ದನು. ತಿಳಿಯುವದೆಲ್ಲಾ ಜಗಲಿಯ ಮೇಲಿದ್ದವನ ಪಾಲು, ಅಂಗಳದವನಿಗೆ ತಲೆಬಾಗುವದಷ್ಟೇ ಸಾಕು ಎಂಬ ಭಾವವು ಆ ಒಂದು ಕರೆಯಲ್ಲಿ ಅಡಗಿತ್ತು. ನಮ್ಮ ಸಭೆಗಳಲ್ಲಿ ಅನೇಕರ ಅಜ್ಜಂದಿರು ಹಾಗೆ ನಿಂತವರೇ. ಆದಕಾರಣ ವಿಚಾರವಾದವೆಂಬ ತತ್ವವು ನಮಗೆ ಬೇಕೋ ಬೇಡವೋ ಎಂದು ಕೇಳುವಾಗ ನಾವು ಪಂಡಿತರ ಜಗಳವೊಂದನ್ನು ದೂರದಿಂದ ನೋಡುವವರಲ್ಲ; ಅದು ನಮ್ಮ ಮನೆಯ ಪ್ರಶ್ನೆಯೇ.

ಫ್ರಾನ್ಸ್ ದೇಶದಲ್ಲಿ 1596ರಲ್ಲಿ ಹುಟ್ಟಿದ ರೆನೆ ದೇಕಾರ್ತನು ಈ ತತ್ವದ ಮೂಲಪುರುಷರಲ್ಲಿ ಒಬ್ಬನು. 1637ರಲ್ಲಿ ಅವನು ವಿಚಾರಮಾಡುವ ಕ್ರಮವನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಆ ಕಾಲದ ವಿದ್ವಾಂಸರು ಲತೀನಿನಲ್ಲಿ ಬರೆಯುವದು ವಾಡಿಕೆಯಾಗಿದ್ದರೂ ಅವನು ಇದನ್ನು ಜನರಾಡುವ ಫ್ರೆಂಚ್ ಭಾಷೆಯಲ್ಲಿಯೇ ಬರೆದನು. ಸತ್ಯವನ್ನೂ ಸುಳ್ಳನ್ನೂ ಬೇರ್ಪಡಿಸುವ ಶಕ್ತಿಯು ಸ್ವಭಾವದಿಂದ ಎಲ್ಲಾ ಮನುಷ್ಯರಲ್ಲಿ ಸಮನಾಗಿದೆ, ನಮ್ಮ ಅಭಿಪ್ರಾಯಗಳು ಬೇರೆಬೇರೆಯಾಗುವದು ನಾವು ಆಲೋಚನೆಯನ್ನು ಬೇರೆಬೇರೆ ದಾರಿಯಲ್ಲಿ ನಡಿಸುವದರಿಂದಲೇ ಎಂಬದು ಆ ಪುಸ್ತಕದ ಮೊದಲ ಮಾತು. ಇದರಿಂದ ಹುಟ್ಟುವ ಫಲವನ್ನು ಅವನು ಪೂರ್ತಿಯಾಗಿ ಹೇಳಲಿಲ್ಲ. ಹೇಳಿದವನು ಪೂಲಾನ್ ದ ಲಾ ಬಾರ್ ಎಂಬವನು. ಮನಸ್ಸಿಗೆ ಗಂಡು ಹೆಣ್ಣೆಂಬ ಭೇದವಿಲ್ಲವಾದದರಿಂದ ಸ್ತ್ರೀಯರಿಗೂ ಪುರುಷರಷ್ಟೇ ವಿದ್ಯೆಗೆ ಬಾಧ್ಯತೆಯುಂಟೆಂದು ಅವನು 1673ರಲ್ಲಿಯೇ ಪುಸ್ತಕ ಬರೆದನು. ರೋಮನ್ ಸಭೆಯ ಪಾದ್ರಿಯಾಗಿದ್ದ ಅವನು ಆಮೇಲೆ ಪ್ರೊಟೆಸ್ಟೆಂಟನಾಗಿ ಜಿನೀವಾ ಪಟ್ಟಣವನ್ನು ಸೇರಿದನು.

ದೇಕಾರ್ತನ ಕ್ರಮವೇನೆಂದರೆ, ಸಂದೇಹಕ್ಕೆ ಎಡೆಯಿರುವದೆಲ್ಲವನ್ನೂ ಒಮ್ಮೆ ಬದಿಗಿಟ್ಟು, ಅಲುಗದೆ ಉಳಿಯುವದು ಯಾವದೆಂದು ನೋಡುವದು. ಕಣ್ಣು ಮೋಸಹೋಗಬಹುದು, ಕನಸು ನಿಜದಂತೆ ತೋರಬಹುದು. ಆದರೂ ಸಂದೇಹಪಡುವ ನಾನು ಇದ್ದೇನೆಂಬದು ಮಾತ್ರ ಸಂದೇಹಕ್ಕೆ ಸಿಕ್ಕದು. 1641ರ ಇನ್ನೊಂದು ಗ್ರಂಥದಲ್ಲಿ ಅವನು ಜೇನುಮೇಣದ ಉದಾಹರಣೆಯನ್ನು ಕೊಡುತ್ತಾನೆ. ಆಗತಾನೇ ಗೂಡಿನಿಂದ ತೆಗೆದ ಮೇಣಕ್ಕೆ ಹೂವಿನ ವಾಸನೆಯುಂಟು; ಅದು ಗಟ್ಟಿಯಾಗಿರುತ್ತದೆ, ತಟ್ಟಿದರೆ ಸದ್ದುಮಾಡುತ್ತದೆ. ಬೆಂಕಿಯ ಹತ್ತಿರ ಹಿಡಿದರೆ ವಾಸನೆ, ಬಣ್ಣ, ಆಕಾರಗಳೆಲ್ಲಾ ಹೋಗುತ್ತವೆ. ಆದರೂ ಅದು ಅದೇ ಮೇಣವೆಂದು ನಾವು ಬಲ್ಲೆವು. ಹೇಗೆ ಬಲ್ಲೆವು? ಕಣ್ಣು ಮೂಗು ಕೈಗಳಿಗೆ ತಿಳಿದಿದ್ದ ಗುರುತೊಂದೂ ಉಳಿಯಲಿಲ್ಲವಲ್ಲಾ! ಆದದರಿಂದ ಅದನ್ನು ಅರಿತದ್ದು ಮನಸ್ಸೇ ಎಂದು ಅವನ ತೀರ್ಮಾನ. ಅವನು ನಾಸ್ತಿಕನಲ್ಲವೆಂಬದನ್ನೂ ಇಲ್ಲಿ ಹೇಳಬೇಕು. ನಮ್ಮ ಬುದ್ಧಿಗೆ ಸ್ಪಷ್ಟವಾಗಿ ತೋರುವದು ಸುಳ್ಳಾಗದು, ಯಾಕಂದರೆ ದೇವರು ಮೋಸಗಾರನಲ್ಲ ಎಂಬ ಆಧಾರದ ಮೇಲೆಯೇ ಅವನು ತನ್ನ ಮನೆಯನ್ನು ಕಟ್ಟಿದನು.

ಆದರೆ ಆ ಮನೆಯಲ್ಲಿ ಒಂದು ಬಿರುಕುಂಟು. ಮನಸ್ಸು ಬೇರೆ, ದೇಹವು ಬೇರೆ, ಎರಡೂ ಸ್ವಭಾವದಲ್ಲಿಯೇ ಭಿನ್ನವಾದ ವಸ್ತುಗಳೆಂದು ಅವನು ಹೇಳಿದನು. ಹಾಗಾದರೆ ಮನಸ್ಸು ಕೈಯನ್ನು ಎತ್ತಿಸುವದು ಹೇಗೆ? ಬೊಹೀಮಿಯದ ರಾಜಕುಮಾರಿ ಎಲಿಸಬೇತಳು 1643ರಲ್ಲಿ ಕಾಗದ ಬರೆದು ಇದನ್ನೇ ಕೇಳಿದಳು. ಆಕೆಗೆ ಆಗ 24 ವರುಷ, ಪ್ರೊಟೆಸ್ಟೆಂಟ್ ಮತದವಳು. ದೇಕಾರ್ತನು ಉತ್ತರ ಕೊಟ್ಟನು. ಆಕೆ ಅದರಿಂದ ತೃಪ್ತಳಾಗದೆ ಮತ್ತೆ ಕೇಳಿದಳು. ನನ್ನ ಎಣಿಕೆಯಲ್ಲಿ ಆಕೆಯ ಪ್ರಶ್ನೆಯೇ ಗೆದ್ದಿತು. ಸವಳಂಗದ ಸುತ್ತಿನ ಹೊಲಗಳಲ್ಲಿ ಮೆಕ್ಕೆಜೋಳ ಬಿತ್ತುವವನು ಮಣ್ಣನ್ನು ಹಿಡಿಯಲ್ಲಿ ಒತ್ತಿ “ಹದ ಬಂದಿದೆ” ಎನ್ನುವಾಗ ತಿಳಿದದ್ದು ಅವನ ಮನಸ್ಸೋ, ಅವನ ಅಂಗೈಯೋ? ಅದನ್ನು ಬಿಡಿಸಿ ಹೇಳೆಂದರೆ ಅವನು ನಗುವನು. ನಮ್ಮ ವಿಶ್ವಾಸಪ್ರಮಾಣವೂ ದೇಹವನ್ನು ಹೀಗೆ ಹೊರಗೆ ಹಾಕುವದಿಲ್ಲ. ಶರೀರವು ಪುನರುತ್ಥಾನ ಹೊಂದುವದೆಂದು ನಾವು ಪ್ರತಿ ಆದಿತ್ಯವಾರ ಎದ್ದುನಿಂತು ಹೇಳುತ್ತೇವಲ್ಲವೇ? ದೇಹದಿಂದ ದುಡಿಯುವವನಿಗೆ ಜ್ಞಾನವಿಲ್ಲವೆಂಬ ಹಳೆಯ ತಿರಸ್ಕಾರವು ನಮ್ಮ ದೇಶದಲ್ಲಿ ಎಷ್ಟು ಜನರನ್ನು ತುಳಿಯಿತೆಂದು ಬಲ್ಲ ನಾವು, ಯೂರೋಪಿನಿಂದ ಬಂತೆಂಬ ಕಾರಣಕ್ಕೆ ಅದನ್ನು ಇನ್ನೊಂದು ವೇಷದಲ್ಲಿ ಒಳಗೆ ಕರಕೊಳ್ಳಬೇಕಾಗಿಲ್ಲ.

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ಇಲ್ಲಿ ವಿಚಾರವಾದಿಯೆಂದರೆ ದೇಕಾರ್ತನ ಶಿಷ್ಯನೆಂದು ಯಾರೂ ಭಾವಿಸುವದಿಲ್ಲ. ಪವಾಡಗಳನ್ನು ಪರೀಕ್ಷಿಸುವವನೆಂದು ಭಾವಿಸುತ್ತಾರೆ. ಎರಡಕ್ಕೂ ವ್ಯತ್ಯಾಸವುಂಟು. ದೇಕಾರ್ತನು ಕಣ್ಣನ್ನು ನಂಬದೆ ಒಳಗಿನ ಬುದ್ಧಿಯನ್ನು ಹಿಡಿದನು. ಇವರು ಕಣ್ಣಿನಿಂದ ನೋಡಿ ಶೋಧಿಸಬೇಕೆನ್ನುತ್ತಾರೆ. ಕೇಳದೆ ಒಪ್ಪಬಾರದೆಂಬದು ಮಾತ್ರ ಇಬ್ಬರಿಗೂ ಸಮಾನ. ಇಂಥವರಲ್ಲಿ ಡಾ. ಎಚ್. ನರಸಿಂಹಯ್ಯನವರು ಪ್ರಸಿದ್ಧರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿ, ಗಾಂಧೀಜಿಯವರ ದಾರಿಯಲ್ಲಿ ಸೆರೆಮನೆಯನ್ನೂ ಕಂಡು, ಭೌತಶಾಸ್ತ್ರದ ಅಧ್ಯಾಪಕರಾದವರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಶೋಧಿಸುವದಕ್ಕೆ ಒಂದು ಸಮಿತಿಯನ್ನು ನೇಮಿಸಿದರು. ಪಾಂಡವಪುರದಲ್ಲಿ ಬಾಲಕನೊಬ್ಬನ ಕೈಯಿಂದ ವಿಭೂತಿ ಬರುತ್ತದೆಂಬ ಸುದ್ದಿಯನ್ನು ಆ ಸಮಿತಿಯು ಪರೀಕ್ಷಿಸಿ, ವಿಭೂತಿಯು ಅವನ ಉಡುಪಿನೊಳಗೇ ಅಡಗಿತ್ತೆಂದು ತೋರಿಸಿತು. ನರಸಿಂಹಯ್ಯನವರು 2005ರಲ್ಲಿ ತೀರಿಕೊಂಡರು.

ಈ ಸಂಗತಿಯನ್ನು ನಮ್ಮವರ ಮುಂದೆ ಹೇಳಿದರೆ ಸಂತೋಷದಿಂದ ಕೇಳುತ್ತಾರೆ, ಅನ್ಯರ ವಿಭೂತಿಯ ಗುಟ್ಟು ಬಯಲಾಯಿತೆಂದು. ನಮ್ಮ ಎಣ್ಣೆಯ ಸೀಸೆಯನ್ನು ಹಾಗೆ ಪರೀಕ್ಷಿಸೋಣವೇ ಎಂದರೆ ಮುಖಗಳು ಬಾಡುತ್ತವೆ! ಸ್ವಸ್ಥತೆಯ ಕೂಟಗಳ ಹೆಸರಿನಲ್ಲಿ ಊರೂರು ತಿರುಗುವ ಕೆಲವರು, ಸಕ್ಕರೆ ಕಾಯಿಲೆಯ ಸಹೋದರಿಗೆ “ನಂಬಿಕೆಯಿದ್ದರೆ ಗುಳಿಗೆ ಯಾಕೆ?” ಎಂದು ಕೇಳುತ್ತಾರೆ. ಆಕೆ ಗುಳಿಗೆ ಬಿಡುತ್ತಾಳೆ. ಕಾಲಿನ ಹುಣ್ಣು ಕೆಟ್ಟರೆ ಆಕೆಯ ನಂಬಿಕೆಯೇ ಸಾಲದೆ ಹೋಯಿತೆಂದು ಹೇಳಿ ಅವರು ಮುಂದಿನ ಊರಿಗೆ ಹೋಗುತ್ತಾರೆ. ಪ್ರಶ್ನೆ ಕೇಳುವದೇ ಅವಿಶ್ವಾಸವೆಂದು ಕಲಿಸುವವನು ಆ ಹಳೆಯ ಜಗಲಿಯ ಮೇಲೆಯೇ ಕುಳಿತಿದ್ದಾನೆ. ನಾವು ಮತ್ತೊಬ್ಬನನ್ನು “ಬುದ್ಧೀ” ಎಂದು ಕರೆಯುತ್ತಿದ್ದೇವೆ, ಅಷ್ಟೇ.

ಬೆರೋಯದವರು ಪೌಲನ ಮಾತನ್ನು ಕೂಡ ಪ್ರತಿದಿನವೂ ಶಾಸ್ತ್ರದಲ್ಲಿ ಶೋಧಿಸಿ ನೋಡಿದರು. ಅದಕ್ಕಾಗಿ ಲೂಕನು ಅವರನ್ನು ಹೊಗಳಿದನು, ಬೈಯಲಿಲ್ಲ (ಅಪೊಸ್ತಲರ ಕೃತ್ಯಗಳು 17). ಆ ಲೂಕನು ವೈದ್ಯನೆಂಬದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಿಂದ ತಿಳಿಯುತ್ತದೆ. ಮೋಶೆಯ ಧರ್ಮಶಾಸ್ತ್ರದಲ್ಲಿ ದೇವರನ್ನು ಹೃದಯದಿಂದಲೂ ಪ್ರಾಣದಿಂದಲೂ ಶಕ್ತಿಯಿಂದಲೂ ಪ್ರೀತಿಸಬೇಕೆಂದಿದೆ. ಕರ್ತನು ಅದೇ ಆಜ್ಞೆಯನ್ನು ಹೇಳುವಾಗ ಬುದ್ಧಿಯನ್ನೂ ಸೇರಿಸಿದನು (ಮಾರ್ಕ 12).

ಹೀಗೆಂದ ಮಾತ್ರಕ್ಕೆ ಬುದ್ಧಿಯೊಂದೇ ಸಾಕೆಂದು ನಾನು ಹೇಳುವವನಲ್ಲ. ದೇಕಾರ್ತನು ಬೆಚ್ಚನೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಆಲೋಚಿಸಿದೆನೆಂದು ಬರೆದನಾದರೂ, ಆಲೋಚಿಸುವದಕ್ಕೆ ಬೇಕಾದ ಮಾತುಗಳನ್ನು ತನ್ನನ್ನು ಸಾಕಿದವರ ಬಾಯಿಂದಲೇ ಕಲಿತಿದ್ದನು. ಬೇರೆಯವರ ಸಾಕ್ಷಿಯನ್ನು ನಂಬದೆ ನಾವು ಹುಟ್ಟಿದ ದಿನವನ್ನು ಕೂಡ ಅರಿಯೆವು. ಪುನರುತ್ಥಾನವನ್ನೂ ನಾವು ಕಂಡವರ ಸಾಕ್ಷಿಯಿಂದಲೇ ಹೊಂದಿದ್ದೇವೆ. ತೋಮನು ಗಾಯದ ಗುರುತನ್ನು ನೋಡಬೇಕೆಂದು ಕೇಳಿದಾಗ ಕರ್ತನು ಅವನನ್ನು ಹೊರಗೆ ಹಾಕಲಿಲ್ಲ, ಕೈಗಳನ್ನು ತೋರಿಸಿದನು.

ಆದಕಾರಣ ಮುಂದಿನ ಸಾರಿ ಅಂಥ ಕೂಟವು ನಮ್ಮ ಹಳ್ಳಿಗಳಿಗೆ ಬಂದಾಗ ಸಭೆಯ ಹಿರಿಯರು ಇಷ್ಟು ಮಾಡಲಿ. ಪ್ರಾರ್ಥನೆಗೆ ಯಾರೂ ಅಡ್ಡಿಮಾಡಬಾರದು. ಆದರೆ ವಾಸಿಯಾಯಿತೆಂದು ಹೇಳಲ್ಪಟ್ಟವರನ್ನು ಶಿವಮೊಗ್ಗಕ್ಕೋ ಹೊನ್ನಾಳಿಗೋ ಕರಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಲಿ, ವೈದ್ಯರು ಹೇಳುವ ತನಕ ಗುಳಿಗೆಯನ್ನು ನಿಲ್ಲಿಸದಂತೆ ನೋಡಿಕೊಳ್ಳಲಿ. ಹೋಗಿಬರುವ ಬಸ್ಸಿನ ಖರ್ಚನ್ನು ಸಭೆಯ ಕಾಣಿಕೆಯಿಂದ ಕೊಡಬಹುದು.