ಸೂಜಿಮದ್ದು ನಡೆದ ದಾರಿ

ಬಾಂದ್ರಾದ ಮಹಡಿಗಳಲ್ಲಿ ಹಪ್ಪಳ ಒಣಹಾಕಿ ಕಾವಲು ಕೂರುವವರಿಗೆ ಕಾಗೆ, ಹದ್ದುಗಳು ಹಳೆಯ ಪರಿಚಿತರು. ಮನೆಯ ಹಿರಿಯರನ್ನು ಮಾತಿಗೆಳೆದರೆ, ಅವುಗಳಿಗಿಂತ ಎಷ್ಟೋ ಎತ್ತರದಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತಿದ್ದ ರಣಹದ್ದುಗಳನ್ನೂ ನೆನೆದಾರು. ಇಲ್ಲಿನ ಪಾಲಿ ಹಿಲ್‌ನಲ್ಲಿ ನೆಲೆಸಿದ್ದ ಪಕ್ಷಿತಜ್ಞ ಸಲೀಂ ಅಲಿ 1987ರಲ್ಲಿ ತೀರಿಕೊಂಡಾಗ, ಈ ಹಕ್ಕಿ ಅಪರೂಪವಾದೀತು ಎಂದರೆ ನಗುವವರೇ ಹೆಚ್ಚಿದ್ದರು. ಆದರೆ 1992ರಿಂದ 2007ರ ಹೊತ್ತಿಗೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿದವು.

ಯಾವುದೋ ರೋಗವಿರಬೇಕೆಂದು ಮೊದಲು ಶಂಕಿಸಿದರು. ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯೊಂದು 2004ರಲ್ಲಿ ನಿಜವನ್ನು ಹೊರಗೆಡವಿತು. ಜಾನುವಾರುಗಳ ನೋವು, ಊತಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ಮದ್ದೇ ಕಾರಣ. ಹಸುವಿಗೆ ಅದು ಹಿತ; ಮದ್ದು ಮೈಯಲ್ಲಿರುವಾಗಲೇ ಸತ್ತ ಹಸುವನ್ನು ತಿಂದ ರಣಹದ್ದಿಗೆ ಮೂತ್ರಪಿಂಡ ಕೆಟ್ಟು ಮರಣ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಕುಲ ಕುಸಿಯಲು ಸಾಕಿತ್ತು. ಒಂದೇ ಹೆಣಕ್ಕೆ ಹತ್ತಾರು ಹಕ್ಕಿಗಳ ಪಂಕ್ತಿಭೋಜನ, ಹೆಣ್ಣಿಡುವುದೋ ವರ್ಷಕ್ಕೊಂದೇ ಮೊಟ್ಟೆ. ಸೂಜಿ ಚುಚ್ಚಿದ ಕೈಯಲ್ಲಿ ಕೇಡಿರಲಿಲ್ಲ. ಅದಕ್ಕೆ ಕಂಡದ್ದು ನರಳುವ ಹಸು. ಹಸುವಿನಾಚೆ ಏನಿದೆಯೆಂದು ಯಾರೂ ಹೇಳಿರಲಿಲ್ಲ.

ಆಚೆ ಬಹಳವೇ ಇತ್ತು. ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಪಾರ್ಸಿಗಳು ಶತಮಾನಗಳಿಂದ ತಮ್ಮವರ ದೇಹವನ್ನು ಈ ಹಕ್ಕಿಗೇ ಒಪ್ಪಿಸುತ್ತಿದ್ದರು. ಹಕ್ಕಿ ಬಾರದಾದ ಮೇಲೆ ಬಿಸಿಲನ್ನು ಒಂದೆಡೆ ಕೂಡಿಸುವ ಸಾಧನಗಳನ್ನು ನಿಲ್ಲಿಸಿದರು. ಮುಂಬಯಿ ಮಳೆಗಾಲದಲ್ಲಿ ಬಿಸಿಲೆಲ್ಲಿ ಬರಬೇಕು? 2015ರಲ್ಲಿ ವರ್ಲಿಯ ಸ್ಮಶಾನದಲ್ಲಿ, ದಹನಕ್ಕೆ ಮನಸ್ಸು ಮಾಡಿದ ಪಾರ್ಸಿಗಳಿಗೆಂದು ಪ್ರಾರ್ಥನಾ ಮಂದಿರವೇ ತೆರೆಯಿತು. ಇತ್ತ ಹಳ್ಳಿಗಳಲ್ಲಿ ದನದ ಹೆಣಗಳು ಕೊಳೆತು ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು. ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2000ದಿಂದ 2005ರವರೆಗೆ ನಮ್ಮಲ್ಲಿ ಇದರಿಂದಾಗಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವು ಸಂಭವಿಸಿದವು. ಸಂಬಳ ಕೇಳದೆ ಊರು ಶುಚಿಗೊಳಿಸುತ್ತಿದ್ದವರ ಬೆಲೆ ಅವರು ಕೆಲಸ ಬಿಟ್ಟ ಮೇಲೆ ತಿಳಿಯಿತು.

ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳೂ ಆ ಪಟ್ಟಿಗೆ ಸೇರಿದವು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಧಾಮ ಕಾಯುವುದು ಗೂಡಿರುವ ಬಂಡೆಯನ್ನು. ಹಕ್ಕಿಯ ಊಟವಿರುವುದು ಹತ್ತಾರು ಮೈಲಿ ಆಚೆ, ಯಾರದೋ ಕೊಟ್ಟಿಗೆಯ ಹಿಂದೆ. ಅಲ್ಲಿ ಕಾವಲಿಗೆ ಗೃಹಸ್ಥರಾದ ನಾವೇ ಆಗಬೇಕು. ಕೊಟ್ಟದ್ದು ಕೊನೆಗೆ ಯಾರ ಬಾಯಿ ಸೇರುತ್ತದೆಂದು ಒಂದು ಮಾತು ವಿಚಾರಿಸುವುದು ದಯೆಯ ಅರ್ಧ ಭಾಗ. ಮುಂಬಯಿಯಲ್ಲಿದ್ದರೂ ನಮ್ಮಲ್ಲಿ ಅನೇಕರಿಗೆ ಊರಲ್ಲಿ ಹಟ್ಟಿಯಿದೆ, ದನ ಕಟ್ಟಿರುವ ಅಣ್ಣತಮ್ಮಂದಿರಿದ್ದಾರೆ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ, ದನಕ್ಕೆ ನೋವಾದರೆ ರಣಹದ್ದಿಗೂ ನಿರಪಾಯವಾದ ಮೆಲಾಕ್ಸಿಕ್ಯಾಮ್ ಆದೀತೇ ಎಂದು ಪಶುವೈದ್ಯರನ್ನು ಕೇಳಲು ಹೇಳೋಣ.