ಗುಜರಿಯ ಭಾಗಗಳೂ ನಮ್ಮ ಹೊಣೆಯೂ

ಎಸೆದ ವಸ್ತುವನ್ನು ಮರಳಿ ಬಳಕೆಗೆ ತರುವುದು ಸದ್ಗುಣವೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಹರಿದ ಸೀರೆಯನ್ನು ಕೌದಿಯಾಗಿಸಿದ ಮನೆತನಗಳಲ್ಲಿ ಬೆಳೆದ ನಮಗೆ ಮಿತವ್ಯಯವು ರಕ್ತಗತವಾದ ಸಂಸ್ಕಾರವೇ ಸರಿ. ಆದರೆ ಈ ಸದ್ಗುಣಕ್ಕೂ ಒಂದು ಎಲ್ಲೆಯುಂಟೆ? ಕೌದಿಯಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ವಿದ್ಯುದ್ಯಂತ್ರದ ಮಾತು ಹಾಗಲ್ಲ.

ಮನೆಯಲ್ಲಿ ಗೇಟು, ಕಿಟಕಿಗಳ ಕಬ್ಬಿಣವನ್ನು ಬೆಸೆಯುವ ಚಿಕ್ಕ ವೆಲ್ಡಿಂಗ್ ಯಂತ್ರವನ್ನು ಉದಾಹರಣೆಯಾಗಿ ನೋಡೋಣ. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯದಾದರೆ ಅದು ಕೊಡುವುದು ಸಾಮಾನ್ಯವಾಗಿ ಪರ್ಯಾಯ ವಿದ್ಯುತ್ಪ್ರವಾಹವನ್ನು. ನಮ್ಮ ದೇಶದಲ್ಲಿ ಈ ಪ್ರವಾಹಕ್ಕೆ ಸೆಕೆಂಡಿಗೆ 50 ಆವರ್ತನ. ಎಂದರೆ ಅದು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಪ್ರತಿ ಸಲವೂ ಪ್ರವಾಹವು ಸೊನ್ನೆಗಿಳಿಯುವುದರಿಂದ ಆರ್ಕ್ ಎಂಬ ಉರಿಯು ಚಂಚಲವಾಗುವುದು. ಆದುದರಿಂದ ಕೈಚಳಕವುಳ್ಳವರು ಗುಜರಿ ಅಂಗಡಿಯಿಂದ ನಾಲ್ಕು ದೊಡ್ಡ ಡಯೋಡುಗಳನ್ನು ತಂದು ಸೇತುವೆಯಂತೆ ಜೋಡಿಸಿ, ಪ್ರವಾಹವನ್ನು ಏಕಮುಖಗೊಳಿಸುತ್ತಾರೆ. ಅದರ ಏರಿಳಿತವನ್ನು ತಗ್ಗಿಸಲು ಕೆಲವರು ಹಳೆಯ ಕೆಪಾಸಿಟರುಗಳನ್ನೂ ಸೇರಿಸುತ್ತಾರೆ. ಖರ್ಚು ಅಲ್ಪ, ಸಂತೋಷ ಅಪಾರ. ಈ ಜಾಣ್ಮೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಧರ್ಮದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಮೊದಲು ಈ ಯಂತ್ರದ ಸ್ವಿಚ್ಚು ಆರಿದೊಡನೆ ವಿದ್ಯುತ್ತೂ ಇಲ್ಲವಾಗುತ್ತಿತ್ತು. ಈಗ ಹಾಗಿಲ್ಲ. ಬೆಸೆಯದೆ ಇರುವಾಗ 80 ವೋಲ್ಟ್ ಕೊಡುವ ಯಂತ್ರದಲ್ಲಿ ಕೆಪಾಸಿಟರು ಆ ಅಲೆಯ ತುದಿಯವರೆಗೆ, ಅಂದರೆ ಸುಮಾರು 113 ವೋಲ್ಟಿನವರೆಗೆ, ತುಂಬಿಕೊಳ್ಳುತ್ತದೆ. ಸ್ವಿಚ್ಚು ಆರಿದ ಮೇಲೂ ಆ ಶೇಖರ ಒಳಗೆ ಉಳಿದಿರಬಲ್ಲದು. ಯಂತ್ರದ ಮುಖ ಹಳೆಯದು, ಸ್ವಭಾವ ಹೊಸದು. ಎರವಲು ಒಯ್ದ ನೆರೆಯವನು ಮುಖವನ್ನೇ ನಂಬಿ ಮುಚ್ಚಳ ತೆಗೆದು ಕೈಯಿಟ್ಟರೆ, ಹೊಣೆ ಯಾರದು?

ಆ ಭಾಗವನ್ನು ತಯಾರಿಸಿದವನು ಬೇರೊಂದು ಕೆಲಸಕ್ಕೆಂದು ತಯಾರಿಸಿದನು. ಎಸೆದವನು ಅದರ ನಂಟನ್ನೇ ಕಳೆದುಕೊಂಡನು. ಗುಜರಿಯವನು ತೂಕಕ್ಕೆ ಮಾರಿದನು. ಎಲ್ಲರೂ ಕೈಬಿಟ್ಟುದನ್ನು ಎತ್ತಿಕೊಂಡವನು ವಸ್ತುವಿನೊಡನೆ ಹೊಣೆಯನ್ನೂ ಎತ್ತಿಕೊಂಡನೆಂದೇ ನಮ್ಮ ಅಭಿಪ್ರಾಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳು, ವಸ್ತು ಹಳತಾದ ಬಳಿಕವೂ ಉತ್ಪಾದಕನಿಗೆ ಹೊಣೆಯುಂಟೆಂದು ವಿಧಿಸಿವೆ. ಹಾಗಿರಲು, ಅದಕ್ಕೆ ಪುನರ್ಜನ್ಮ ಕೊಟ್ಟವನು ಹೊಣೆಗೆ ಹೊರಗಾಗುವನೆ?

ಹಾಗಾದರೆ ಹೊಸದನ್ನು ಕೊಳ್ಳಲಾರದ ಬಡವನು ಏನನ್ನೂ ಮಾಡಬಾರದೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಬಡವನ ಮಿತವ್ಯಯಕ್ಕೆ ಸಿರಿವಂತನ ದಾನಕ್ಕಿಂತ ಹೆಚ್ಚಿನ ಗೌರವ ಸಲ್ಲಬೇಕು. ಆದರೆ ಉಳಿದ ಹಣ ನಮ್ಮ ಕಿಸೆಗೆ, ಉಳಿದ ಅಪಾಯ ಇನ್ನೊಬ್ಬನ ಕೈಗೆ ಎಂದಾದರೆ, ಅದು ಆತನಿಗೆ ತಿಳಿಸದೆ ಆತನ ಹೆಸರಿನಲ್ಲಿ ಮಾಡಿದ ಸಾಲ.

ಈ ಸಾಲವನ್ನು ತೀರಿಸುವುದು ಕಷ್ಟವಲ್ಲ. ಪ್ರತಿಯೊಂದು ಭಾಗವೂ ಎಷ್ಟು ಆಂಪಿಯರ್, ಎಷ್ಟು ವೋಲ್ಟ್ ತಾಳುವುದೆಂದು ತಿಳಿದೇ ಜೋಡಿಸಬೇಕು, ತಿಳಿಯದುದನ್ನು ಬಿಡಬೇಕು. ಯಂತ್ರದ ಮೈಗೆ ಅರ್ಥಿಂಗ್ ಇರಬೇಕು. ಕೆಪಾಸಿಟರಿನ ಎರಡು ತುದಿಗಳಿಗೆ ತಕ್ಕ ರೆಸಿಸ್ಟರೊಂದನ್ನು ಕಾಯಮ್ಮಾಗಿ ಜೋಡಿಸಿದರೆ, ಯಂತ್ರ ನಿಂತ ಬಳಿಕ ಶೇಖರವು ತಾನಾಗಿ ಕರಗುವುದು. ಅಷ್ಟಾದರೂ ಮೀಟರಿನಿಂದ ಅಳೆಯದೆ ಒಳಗೆ ಕೈಯಿಡಲಾಗದು.

ಕಾರ್ಖಾನೆಯಿಂದ ಬಂದ ಯಂತ್ರದ ಮೇಲೆ ಅದರ ಗುಣವನ್ನು ಸಾರುವ ಒಂದು ತಗಡು ಇರುತ್ತದೆ. ನಾವು ಮಾರ್ಪಡಿಸಿದ ಯಂತ್ರಕ್ಕೂ ಅಂಥದೊಂದು ಬೇಕು: ಒಳಗೇನು ಬದಲಾಗಿದೆ, ಮುಚ್ಚಳ ತೆಗೆಯುವ ಮುನ್ನ ಎಷ್ಟು ಹೊತ್ತು ಕಾಯಬೇಕು, ಬದಲಿಸಿದವರು ಯಾರು ಎಂಬುದನ್ನು ಅದರ ಮೇಲೆ ಕನ್ನಡದಲ್ಲಿಯೂ ನೆರೆಭಾಷೆಯಲ್ಲಿಯೂ ಬರೆದಿಡೋಣ. ವಿದ್ಯಾರ್ಥಿಗಳಿಗೆ ಜೋಡಿಸುವ ವಿದ್ಯೆಯನ್ನು ಕಲಿಸುವ ದಿನವೇ ಈ ಬರವಣಿಗೆಯನ್ನೂ ಕಲಿಸೋಣ.